ಕಾರಿಗೆ ಯಾವ ಸ್ಪ್ರೇ ಅಂತ ಕೇಳುವ ಮೊದಲು

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಬೆಂಗಳೂರಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆಯಬೇಡಿ ಅನ್ನುವ ಸುದ್ದಿ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಹಾಗೆ ಆದೇಶ ಹೊರಡಿಸಿ 5,000 ರೂಪಾಯಿ ದಂಡ ಅಂದಿತು. 2025ರ ಫೆಬ್ರುವರಿಯಲ್ಲಿ ಅದನ್ನೇ ಮತ್ತೆ ಹೇಳಿತು. ಸರಿಯಾದ ಆದೇಶವೇ, ನನ್ನ ತಕರಾರು ಅದರ ಮೇಲಲ್ಲ. ನೀರು ಬೇಡ ಅಂದ ಕೂಡಲೇ ಅಂಗಡಿಯವರೂ ಆನ್‌ಲೈನ್‌ನವರೂ ಗಾಡಿ ಒರೆಸಿ ಹೊಳಪು ಬರಿಸುವ ಒಂದೊಂದು ಸ್ಪ್ರೇ ಬಾಟಲಿ ಕೈಗಿಡುತ್ತಾರಲ್ಲ, ಅದರ ಬಗ್ಗೆ ಯಾರೂ ನೆಟ್ಟಗೆ ಬರೆಯುವುದಿಲ್ಲ. ನಿಮ್ಮ ವಾಹನ ಪುಟದಲ್ಲಿ ಮೈಲೇಜ್ ಬರುತ್ತದೆ, ಸನ್‌ರೂಫ್ ಬರುತ್ತದೆ, ಟಚ್‌ಸ್ಕ್ರೀನ್ ಎಷ್ಟು ಇಂಚು ಅನ್ನುವುದೂ ಬರುತ್ತದೆ. ಸಾಲ ಮಾಡಿ ತಂದ ಗಾಡಿಯ ಬಣ್ಣ ಉಳಿಸಿಕೊಳ್ಳುವುದು ಹೇಗೆ ಅನ್ನುವುದು ಮಾತ್ರ ಬರುವುದಿಲ್ಲ. ಪತ್ರ ಸ್ವಲ್ಪ ಉದ್ದ ಆಗಿದೆ, ಕತ್ತರಿಸಿದರೆ ಬೇಸರವಿಲ್ಲ.

ಮೊದಲು ಬಣ್ಣದ ವಿಷಯ. ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನಾವು ನೋಡಿ ಖುಷಿಪಡುವ ಹೊಳಪೆಲ್ಲ ಈ ಕೊನೆಯ ಪದರದ್ದು. ಅದರ ದಪ್ಪ ಸಾಮಾನ್ಯವಾಗಿ 40 ಮೈಕ್ರಾನ್ ಆಸುಪಾಸು. ನಿಮ್ಮ ಪತ್ರಿಕೆಯ ಒಂದು ಹಾಳೆಗಿಂತ ತೆಳು! ಗೀರು ಬಿದ್ದಾಗಲೆಲ್ಲ ಪಾಲಿಶ್ ಮಾಡಿಸುತ್ತೇವಲ್ಲ, ಆಗ ಈ ಹಾಳೆಯನ್ನೇ ಸ್ವಲ್ಪ ಸ್ವಲ್ಪ ತೇಯುವುದು. ತೇದದ್ದು ವಾಪಸ್ ಬರುವುದಿಲ್ಲ. ವ್ಯಾಕ್ಸ್, ಅಂದರೆ ಮೇಣ, ಬೇರೆ, ಅದು ಮೇಲೆ ಕೂರುತ್ತದೆ, ಏನನ್ನೂ ತೇಯುವುದಿಲ್ಲ. ಅಂಗಡಿಯಲ್ಲಿ ಎರಡಕ್ಕೂ ಪಾಲಿಶ್ ಅಂತಲೇ ಹೇಳುತ್ತಾರೆ, ಕೇಳಿ ತಿಳಿದುಕೊಂಡು ತಗೊಳ್ಳಿ.

ಸ್ಪ್ರೇಗಳಲ್ಲೂ ಇದೇ ಗೊಂದಲ. ಡೀಟೇಲರ್ ಅನ್ನುವುದು ತೊಳೆದ ಗಾಡಿಯ ಮೇಲೆ ಆಮೇಲೆ ಕೂತ ತೆಳು ಧೂಳು, ಬೆರಳಿನ ಗುರುತು, ಈಗಷ್ಟೇ ಬಿದ್ದ ಹಕ್ಕಿ ಹಿಕ್ಕೆ ತೆಗೆಯಲಿಕ್ಕೆ. ಬಟ್ಟೆ ಉಜ್ಜದೆ ಜಾರಿಕೊಂಡು ಹೋಗುವ ಹಾಗೆ ಮಾಡುವುದೇ ಅದರ ಕೆಲಸ. ಹೊಳಪು ಕೊಡುತ್ತದೆ ನಿಜ, ಆದರೆ ಕಾಪಾಡುವುದು ಅಷ್ಟಕ್ಕಷ್ಟೆ, ಒಂದು ಜೋರು ಮಳೆಗೆ ಹೋಯಿತು ಅಂದುಕೊಳ್ಳಿ. ಸ್ಪ್ರೇ ವ್ಯಾಕ್ಸ್ ಮಾತ್ರ ಒಂದು ಪದರ ಬಿಟ್ಟುಹೋಗುತ್ತದೆ. ಕೆಲವು ವಾರ ಇರುತ್ತದೆ, ಮತ್ತೆ ಹಾಕಬೇಕು. ವ್ಯಾಕ್ಸಿನ ಹಾಗೇ ಪದರ ಕಟ್ಟುವ, ಸಿಲಿಕಾ ಸೇರಿಸಿದ ಸ್ಪ್ರೇ ಸೀಲಂಟ್ ಇನ್ನೂ ಸ್ವಲ್ಪ ಜಾಸ್ತಿ, ಎರಡು ಮೂರು ತಿಂಗಳು ತಡೆಯುತ್ತದೆ. ಮೆಗ್ವಾಯರ್ಸ್‌ನಂಥ ಹಳೇ ಕಂಪನಿ ಕ್ವಿಕ್ ಡೀಟೇಲರ್ ಬೇರೆ, ಕ್ವಿಕ್ ವ್ಯಾಕ್ಸ್ ಬೇರೆ ಅಂತ ಎರಡು ಬಾಟಲಿ ಮಾರುವುದು ಸುಮ್ನೆ ಅಲ್ಲ. ನಮ್ಮಲ್ಲಿ ಜನ ಡೀಟೇಲರ್ ತಂದು, ವ್ಯಾಕ್ಸ್ ಹಾಕಿದೆ ಅಂದುಕೊಂಡು, ಮೂರು ದಿನಕ್ಕೆ ಏನೂ ಉಳಿದಿಲ್ಲ ಅಂತ ಬೈಯುತ್ತಾರೆ.

ಹಾಗಾದರೆ ಯಾವುದು ತಗೊಳ್ಳಬೇಕು? ನನ್ನ ಪ್ರಕಾರ ಬಾಟಲಿ ನೋಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಗಾಡಿ ಎಲ್ಲಿ ನಿಲ್ಲುತ್ತದೆ, ಯಾವ ನೀರಲ್ಲಿ ತೊಳೆಯುತ್ತೀರಿ, ಒರೆಸುವವರು ಯಾರು. ಬ್ರ್ಯಾಂಡ್ ಅದಾದ ಮೇಲೆ.

ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನಿಲ್ಲುವ ಗಾಡಿಗೆ ಯಾವ ಸಾಧಾರಣ ಸ್ಪ್ರೇ ವ್ಯಾಕ್ಸ್ ಆದರೂ ಸಾಕು. ಬೀದಿ ಬದಿ ಮರದ ಕೆಳಗೆ ನಿಲ್ಲುವ ಗಾಡಿಯ ಕಥೆಯೇ ಬೇರೆ. ಮಳೆ ಮರದ ಕೆಳಗೆ ಒಂದು ರಾತ್ರಿ ನಿಲ್ಲಿಸಿ ನೋಡಿ, ಬೆಳಿಗ್ಗೆ ಗಾಜು, ಬಾನೆಟ್ಟು ಎಲ್ಲ ಅಂಟಂಟು. ಕೊಂಬೆ ಮೇಲಿನ ಸಣ್ಣ ಹುಳುಗಳು ಮರದ ರಸ ಹೀರಿ ಉದುರಿಸುವ ಸಿಹಿ ಅಂಟು ಅದು, ಅದರ ಮೇಲೆ ಧೂಳು ಕೂತರೆ ಕಪ್ಪು ಚುಕ್ಕೆ. ಇನ್ನು ನೇರಳೆ ಮರ, ಆಲ, ಅತ್ತಿ ಇರುವ ಬೀದಿಗಳಲ್ಲಿ ಹಕ್ಕಿ, ಬಾವಲಿಗಳ ಹಿಕ್ಕೆ. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ, ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾದಾಗ ಅದು ಅಲ್ಲೇ ಗುರುತು ಕೊರೆಯುತ್ತದೆ. ಆಮೇಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಇಂಥ ಕಡೆ ಸಿಲಿಕಾದ ಸ್ಪ್ರೇ ಸೀಲಂಟ್ ಬೇಕು, ಜೊತೆಗೆ ಡಿಕ್ಕಿಯಲ್ಲಿ ಒಂದು ಡೀಟೇಲರ್ ಬಾಟಲಿ. ಬಿದ್ದದ್ದು ಒಣಗಿದ್ದರೆ ಕೆರೆಯಬೇಡಿ. ಡೀಟೇಲರ್ ಹೊಡೆದ ಬಟ್ಟೆಯನ್ನು ಅದರ ಮೇಲೆ ಎರಡು ನಿಮಿಷ ಸುಮ್ಮನೆ ಇಡಿ, ನೆನೆದ ಮೇಲೆ ಎತ್ತಿದರೆ ಬಟ್ಟೆಗೇ ಅಂಟಿಕೊಂಡು ಬರುತ್ತದೆ. ಮಂಗಳೂರು, ಉಡುಪಿಯವರಿಗೆ ಉಪ್ಪುಗಾಳಿ, ಬಳ್ಳಾರಿ, ಸಂಡೂರಿನವರಿಗೆ ಅದಿರಿನ ಧೂಳು. ಅದಿರು ಧೂಳು ಕಬ್ಬಿಣದ್ದೇ, ಒಣ ಬಟ್ಟೆಯಲ್ಲಿ ಮುಟ್ಟಿದಿರೋ ಗೀರು ಗ್ಯಾರಂಟಿ.

ನೀರಿನ ವಿಷಯದಲ್ಲಿ ಯಾರೂ ಹೇಳದ ಒಂದು ಮಾತಿದೆ. ವ್ಯಾಕ್ಸ್ ಹಾಕಿದರೆ ನೀರು ಮುತ್ತಿನಂತೆ ಗುಂಡಗೆ ನಿಲ್ಲುತ್ತದೆ ಅಂತ ಜಾಹೀರಾತಿನಲ್ಲಿ ತೋರಿಸುತ್ತಾರೆ. ಚಂದ ಕಾಣುತ್ತದೆ. ಆದರೆ ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ, ಟ್ಯಾಂಕರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಆ ಒಂದೊಂದು ಮುತ್ತೂ ಬಿಸಿಲಿಗೆ ಆರಿದಾಗ ಒಂದೊಂದು ಬಿಳಿ ಬಳೆ ಬಿಟ್ಟುಹೋಗುತ್ತದೆ. ಕಪ್ಪು, ಕಡುನೀಲಿ ಕಾರಿನವರಿಗೆ ಇದು ಗೊತ್ತೇ ಇರುತ್ತದೆ. ಅಂದರೆ ವ್ಯಾಕ್ಸ್ ಹಾಕಿ, ಪೈಪ್ ಹಿಡಿದು, ಒರೆಸದೆ ಬಿಟ್ಟು ಹೋದರೆ ಹಾಕದಿದ್ದಾಗಿನದಕ್ಕಿಂತ ಕಲೆ ಎದ್ದು ಕಾಣುತ್ತದೆ. ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದಲ್ಲಿ, ಸಿಗುವ ನೀರಿನದ್ದೂ ಇದೇ ಪಾಡು. ಪರಿಹಾರ ಕಷ್ಟದ್ದಲ್ಲ. ನೆರಳಲ್ಲಿ ತೊಳೆಯಿರಿ, ಬಾನೆಟ್ ಇನ್ನೂ ಒದ್ದೆ ಇರುವಾಗಲೇ ಡೀಟೇಲರ್ ಎರಡು ಸಲ ಹೊಡೆದು ಒಣಗಿಸಿ. ಕಲೆ ಆಗಲೇ ಕೂತಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ತಕ್ಷಣ ಒಳ್ಳೆಯ ನೀರಲ್ಲಿ ತೊಳೆಯಿರಿ. ಅದು ವ್ಯಾಕ್ಸನ್ನೂ ತೆಗೆದುಬಿಡಬಹುದು, ಮತ್ತೆ ಹಾಕಬೇಕು. ಕಲೆ ಇದ್ದ ಹಾಗೇ ಅದರ ಮೇಲೆ ವ್ಯಾಕ್ಸ್ ಹೊಡೆದು ಮುಚ್ಚಿದರೆ ಏನೂ ಪ್ರಯೋಜನವಿಲ್ಲ.

ನೀರು ಉಳಿಸಲೇಬೇಕು ಅನ್ನುವವರಿಗೆ ಇನ್ನೊಂದು ದಾರಿ ರಿನ್ಸ್‌ಲೆಸ್ ವಾಶ್. ಏಳೆಂಟು ಲೀಟರ್ ನೀರಿಗೆ ಒಂದೆರಡು ಮುಚ್ಚಳದಷ್ಟು ದ್ರಾವಣ ಹಾಕಿದರೆ ಒಂದು ಸಣ್ಣ ಕಾರು ಆಗುತ್ತದೆ, ಮತ್ತೆ ನೀರು ಹೊಯ್ದು ತೊಳೆಯಬೇಕಾಗಿಲ್ಲ. ಆದರೆ ಮಳೆಗಾಲದಲ್ಲಿ ಮಲೆನಾಡಿಂದ ಕೆಂಪು ಕೆಸರು ಮೆತ್ತಿಕೊಂಡು ಬಂದ ಗಾಡಿಗೆ ಈ ಯಾವ ಸ್ಪ್ರೇನೂ ನಡೆಯುವುದಿಲ್ಲ. ಕೆಸರು ಮೊದಲು ನೀರಲ್ಲೇ ಇಳಿಯಬೇಕು.

ಈಗ ಒರೆಸುವವರು. ನಮ್ಮ ಬಡಾವಣೆಯಲ್ಲಿ ಬೆಳಕು ಹರಿಯುವ ಮೊದಲೇ ಹುಡುಗರು ಬರುತ್ತಾರೆ, ಅರ್ಧ ಬಕೆಟ್ ನೀರು, ಒಂದು ಬಟ್ಟೆ, ಹತ್ತಾರು ಕಾರು. ಮೊದಲ ಕಾರಿನ ಚಕ್ರದ ಮರಳು ಕೊನೆಯ ಕಾರಿನ ಬಾನೆಟ್ ಮೇಲೆ. ಬಿಸಿಲಲ್ಲಿ ನೋಡಿದರೆ ಸುತ್ತು ಸುತ್ತಾಗಿ ಸಣ್ಣ ಗೀರುಗಳು ಕಾಣುತ್ತವಲ್ಲ, ಅದು ಹೀಗೇ ಆದದ್ದು. ಅವರನ್ನು ಬೈದು ಪ್ರಯೋಜನವಿಲ್ಲ. ಒಬ್ಬನನ್ನು ಕೇಳಿದೆ. "ಸರ್, ನೀವು ಬಟ್ಟೆ ಕೊಡಿ, ನಾನೇನು ಬೇಡ ಅಂತೀನಾ?" ಅಂದ. ಸರಿಯಾಗೇ ಹೇಳಿದ. ಹತ್ತು ಲಕ್ಷದ ಕಾರಿಗೆ ಇನ್ನೂರು ರೂಪಾಯಿ ಬಟ್ಟೆ ಕೊಡದವರು ನಾವು.

ಬಟ್ಟೆ ಅಂದರೆ ಹಳೇ ಬನಿಯನ್ ಅಲ್ಲ, ಪಂಚೆಯೂ ಅಲ್ಲ. ಉದ್ದ ಎಳೆಯ ದಪ್ಪ ಮೈಕ್ರೋಫೈಬರ್ ಎರಡು ಬೇಕು, ಒಂದು ಹಚ್ಚಲಿಕ್ಕೆ, ಒಂದು ಒಣಗಿಸಲಿಕ್ಕೆ. ನಾಲ್ಕು ಮಡಿಕೆ ಮಾಡಿದರೆ ಒಂದೇ ಬಟ್ಟೆಗೆ ಎಂಟು ಮುಖ ಸಿಗುತ್ತದೆ. ಒಂದು ಬಾಗಿಲಿಗೆ ಒಂದು ಮುಖ, ಕೊಳೆಯಾದ ತಕ್ಷಣ ತಿರುಗಿಸಿ. ಅಂಚಿನಲ್ಲಿ ಲೇಬಲ್ ಇದ್ದರೆ ಮೊದಲೇ ಬಿಚ್ಚಿಹಾಕಿ, ಅದೂ ಗೀರುತ್ತದೆ. ಕೆಳಗೆ ಬಿತ್ತಾ, ಆವತ್ತಿಗೆ ಅದರ ಕೆಲಸ ಮುಗಿಯಿತು. ಒಗೆಯುವಾಗ ಕಂಫರ್ಟ್‌ನಂಥ ಮೆದು ಮಾಡುವ ದ್ರವ ಹಾಕಬೇಡಿ, ಎಳೆಗಳು ಮುಚ್ಚಿಹೋಗಿ ನೀರು ಹೀರುವುದನ್ನೇ ಬಿಡುತ್ತವೆ. ಸ್ಪ್ರೇ ಹೊಡೆಯುವಾಗಲೂ ಅಷ್ಟೆ, ಇಡೀ ಕಾರಿಗೆ ಒಮ್ಮೆಗೇ ಹೊಡೆಯುವುದು ಬೇಡ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು, ಒಂದು ಭಾಗಕ್ಕೆ ಎರಡು ಸಲ ಒತ್ತಿದರೆ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ದಿನ ಬರುವುದಿಲ್ಲ, ಗೆರೆ ಗೆರೆಯಾಗಿ ಉಳಿಯುತ್ತದೆ ಅಷ್ಟೆ. ಮುಂದಿನ ಗಾಜಿಗೆ ತಗಲಿದರೆ ಮಳೆಯಲ್ಲಿ ವೈಪರ್ ಮಬ್ಬು ಹಿಡಿಸುತ್ತದೆ. ಬ್ರೇಕ್ ಡಿಸ್ಕ್ ಹತ್ತಿರವಂತೂ ಬೇಡವೇ ಬೇಡ. ಹೊಳಪಿಲ್ಲದ ಮ್ಯಾಟ್ ಬಣ್ಣದ ಗಾಡಿಗೆ ಇದ್ಯಾವುದೂ ಆಗುವುದಿಲ್ಲ. ಡ್ಯಾಶ್‌ಬೋರ್ಡ್ ಪಾಲಿಶ್ ತಂದು ಬಾನೆಟ್‌ಗೆ ಬಳಿಯುವುದು, ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಹೊಳಪು ಬರಿಸುವುದು, ಇವನ್ನೆಲ್ಲ ಇವತ್ತೇ ನಿಲ್ಲಿಸಿದರೆ ಒಳ್ಳೆಯದು.

ಆಯುಧ ಪೂಜೆಯ ಬಗ್ಗೆ ಬರೆಯದೆ ಇರಲಾರೆ. ವರ್ಷಕ್ಕೊಮ್ಮೆ ಮನಸ್ಸಿಟ್ಟು ತೊಳೆಯುವ ದಿನ ಅದು, ಅದೇ ದಿನ ಬಾನೆಟ್ ಮೇಲೆ ಅರಿಶಿನ, ಕುಂಕುಮ, ವಿಭೂತಿ ಪಟ್ಟೆ, ಸೆಲ್ಲೋಟೇಪಿನಲ್ಲಿ ಅಂಟಿಸಿದ ಹೂವು, ಬೂದುಗುಂಬಳ ಒಡೆದಾಗ ಹಾರಿದ ಕೆಂಪು ನೀರು. ಬಿಳಿ ಕಾರಿನ ಮೇಲೆ ಅರಿಶಿನ ಎರಡು ದಿನ ಬಿಸಿಲಲ್ಲಿ ಕೂತರೆ ಹಳದಿ ನೆರಳು ಹೋಗಲು ಒದ್ದಾಡಬೇಕು. ವಿಭೂತಿ ಬೂದಿ, ಒಣಗಿದ ಮೇಲೆ ಉಜ್ಜಿದರೆ ಗೀರುತ್ತದೆ. ಪೂಜೆ ಬಿಡಿ ಅಂತ ನಾನು ಹೇಳುತ್ತಿಲ್ಲ, ನಮ್ಮ ಮನೆಯಲ್ಲಿ ಹಾಗೆ ಹೇಳಿದರೆ ಊಟ ಸಿಗುವುದಿಲ್ಲ. ಹಿಂದಿನ ದಿನ ತೊಳೆದು ಸ್ಪ್ರೇ ವ್ಯಾಕ್ಸ್ ಹಾಕಿ, ಅದರ ಮೇಲೆ ಎಷ್ಟು ಬೇಕೋ ಅಷ್ಟು ಕುಂಕುಮ ಇಡಿ. ಮಾರನೆಯ ದಿನ ಸಲೀಸಾಗಿ ಬರುತ್ತದೆ. ಟೇಪ್ ಮಾತ್ರ ಬಣ್ಣದ ಮೇಲೆ ಬೇಡ, ಗಾಜಿನ ಮೇಲೆ ಅಂಟಿಸಿ.

ಶೋರೂಮಿನವರ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಬಳಿದ ಮೇಲೆ ಗಟ್ಟಿಯಾಗಿ ಕೂರುವ ಪದರದ ಬಗ್ಗೆ ಎರಡು ಮಾತು. ಡೆಲಿವರಿ ದಿನ ಹಾರ ಹಾಕಿ, ಸಿಹಿ ಕೊಟ್ಟು, ಇಪ್ಪತ್ತು ಮೂವತ್ತು ಸಾವಿರದ ಪ್ಯಾಕೇಜ್ ಮುಂದಿಡುತ್ತಾರೆ. "ನೈನ್ ಎಚ್ ಸರ್, ವಜ್ರದ ಹಾಗೆ ಗಟ್ಟಿ" ಅಂತ ನನಗೂ ಹೇಳಿದರು. ಆ 9ಎಚ್ ಪೆನ್ಸಿಲ್ ಪರೀಕ್ಷೆಯ ಅಳತೆ. ಬಣ್ಣದ ಮೇಲೆ ಗಟ್ಟಿ ಪೆನ್ಸಿಲ್ ಎಳೆದು ಗೀರು ಬೀಳುತ್ತದಾ ಅಂತ ನೋಡುತ್ತಾರೆ, ಅದರಲ್ಲಿ 9ಎಚ್ ಅಂದರೆ ಗಟ್ಟಿ ಪೆನ್ಸಿಲ್. ವಜ್ರಕ್ಕೆ ಹತ್ತು ಕೊಡುವ ಖನಿಜಗಳ ಅಳತೆಗೂ ಇದಕ್ಕೂ ಸಂಬಂಧವೇ ಇಲ್ಲ. ಒಳ್ಳೆಯ ಕೋಟಿಂಗ್ ವರ್ಷಗಟ್ಟಲೆ ಬರುತ್ತದೆ, ದುಡ್ಡಿದ್ದವರು ಹಾಕಿಸಲಿ, ಆದರೆ ಮರಳು ಬಟ್ಟೆಯಲ್ಲಿ ಉಜ್ಜಿದರೆ ಅದಕ್ಕೂ ಗೀರು ಬೀಳುತ್ತದೆ. ಮನೆಯಿಂದ ಆಫೀಸು, ಆಫೀಸಿಂದ ಮನೆ ಓಡುವ ನಮ್ಮಂಥವರ ಗಾಡಿಗೆ ಕೆಲವು ನೂರು ರೂಪಾಯಿಯ ಸ್ಪ್ರೇ, ಒಳ್ಳೆಯ ಬಟ್ಟೆ ಧಾರಾಳ ಸಾಕು. ಅಪಘಾತವಾಗಿ ಹೊಸ ಬಣ್ಣ ಹೊಡೆಸಿದ್ದರೆ ತಿಂಗಳಾದರೂ ಕಾಯಿರಿ, ಬಣ್ಣ ಪೂರ್ತಿ ಒಣಗುವ ಮೊದಲು ವ್ಯಾಕ್ಸ್ ಬೇಡ.

"ನೂರಕ್ಕೆ ನೂರು ಕಾರ್ನೂಬಾ" ಅಂತ ಬರೆದ ಬಾಟಲಿ ನೋಡಿದರೆ ನನಗೆ ನಗು. ಕಾರ್ನೂಬಾ ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಎಲೆಯಿಂದ ಬರುವ ಮೇಣ. ಕರಗಲು 82ರಿಂದ 86 ಡಿಗ್ರಿ ಬಿಸಿ ಬೇಕು, ಗಟ್ಟಿ ಚಕ್ಕೆ. ಎಣ್ಣೆ, ದ್ರಾವಕ ಬೆರೆಸದೆ ಅದನ್ನು ಹಚ್ಚಲಿಕ್ಕೂ ಆಗುವುದಿಲ್ಲ, ಸ್ಪ್ರೇ ಮಾಡುವ ಮಾತಂತೂ ದೂರ. ಬಾಟಲಿಯಲ್ಲಿ ಬಹುಪಾಲು ನೀರೇ ಇರುತ್ತದೆ. ಇರಲಿ, ತಪ್ಪೇನಿಲ್ಲ, ಆದರೆ ಇದು ಡೀಟೇಲರಾ ವ್ಯಾಕ್ಸಾ, ಎಷ್ಟು ವಾರ ಬರುತ್ತದೆ, ಯಾವ ನೀರಿಗೆ ಆಗುತ್ತದೆ ಅಂತ ದೊಡ್ಡ ಅಕ್ಷರದಲ್ಲಿ ಬರೆಯಬಹುದಲ್ವಾ? ಅದನ್ನು ಕನ್ನಡದಲ್ಲೂ ಬರೆಯಬಹುದಲ್ವಾ? ನಮ್ಮ ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ಬಗೆ ಕನ್ನಡದಲ್ಲೂ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲಿದೆ. ಹೊರಗಿಂದ ಬರುವವರೂ ಒಂದು ಚೀಟಿ ಅಂಟಿಸಿದರೆ ಗಂಟೇನೂ ಹೋಗುವುದಿಲ್ಲ. ಬಟ್ಟೆ ಹಿಡಿದು ಒರೆಸುವ ಹುಡುಗ ಓದಬೇಕಾದದ್ದು ಅದು.

ನಿಮ್ಮಲ್ಲಿ ಒಂದು ಕೋರಿಕೆ. ಪತ್ರಿಕೆಯ ಕಚೇರಿಯಲ್ಲಿ ಹಳೇ ಕಾರು ಯಾವುದಾದರೂ ಇದ್ದೇ ಇರುತ್ತದೆ. ಅದರ ಬಾನೆಟ್ ನಡುವೆ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿ ನಾಲ್ಕು ಭಾಗ ಮಾಡಿ. ಒಂದು ಭಾಗಕ್ಕೆ ಡೀಟೇಲರ್, ಒಂದಕ್ಕೆ ಸ್ಪ್ರೇ ವ್ಯಾಕ್ಸ್, ಒಂದಕ್ಕೆ ಸಿಲಿಕಾ ಸೀಲಂಟ್, ನಾಲ್ಕನೆಯದು ಖಾಲಿ. ಟೇಪ್ ಕಿತ್ತು, ಬಿಸಿಲಲ್ಲಿ ಬೀದಿಯಲ್ಲೇ ನಿಲ್ಲಿಸಿ. ವಾರಕ್ಕೊಮ್ಮೆ ತೊಳೆದು ಒಂದು ಚೊಂಬು ನೀರು ಹೊಯ್ದು ಫೋಟೊ ತೆಗೆಯಿರಿ, ಯಾವ ಭಾಗದಲ್ಲಿ ನೀರು ಗುಂಡಗೆ ನಿಲ್ಲುತ್ತದೆ, ಯಾವುದರಲ್ಲಿ ಹರಡಿಕೊಳ್ಳುತ್ತದೆ ನೋಡಲಿಕ್ಕೆ. ಮಾರ್ಚ್‌ನಲ್ಲಿ ಶುರು ಮಾಡಿದರೆ ಮುಂಗಾರು ಬರುವಷ್ಟರಲ್ಲಿ ಉತ್ತರ ಸಿಗುತ್ತದೆ. ಬಾಟಲಿಗಳ ಹೆಸರು, ಬೆಲೆ ಸಮೇತ ಅಚ್ಚು ಹಾಕಿ. ಬಾಟಲಿ ಮಾತ್ರ ಕಂಪನಿಯವರು ಪುಕ್ಕಟೆ ಕಳಿಸಿದ್ದು ಬೇಡ, ಅಂಗಡಿಗೆ ಹೋಗಿ ಕೊಂಡು ತನ್ನಿ.

ಇಂತಿ,
ನಿಮ್ಮ ಓದುಗ,
ವಿಜಯನಗರ, ಬೆಂಗಳೂರು