ಎರಡು ಸಾವಿರ ಕಿಲೋಮೀಟರ್ ಆಗುವ ಮೊದಲು

ಮೈಸೂರು
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಇಲ್ಲಿನ ಸಮಾಚಾರವನ್ನೆಲ್ಲ ಅತ್ತಿಗೆ ಫೋನಿನಲ್ಲಿ ಹೇಳಿಯೇ ಇರುತ್ತಾರೆ, ಮತ್ತೆ ಬರೆಯುವುದಿಲ್ಲ. ಕಾರಿಗೆ ಎಷ್ಟು ಕೊಟ್ಟೆ, ಯಾಕೆ ಕೊಟ್ಟೆ ಅನ್ನುವ ಮಾತೂ ಬೇಡ, ಅದನ್ನು ಮನೆಯವರು ಆಡಿ ಮುಗಿಸಿದ್ದಾರೆ. ನನ್ನ ತಲೆಯಲ್ಲಿ ಕೂತಿರುವುದು ಎರಡನೇ ಪುಟದ ಕೊನೆಯ ಸಾಲು. "ಹೊಸ ಗಾಡೀನ ನಾನೇ ಹಾಳು ಮಾಡಿಬಿಟ್ಟೆ ಚಿಕ್ಕಪ್ಪ, ಇನ್ನು ಇದು ಸರಿಹೋಗಲ್ಲ."

ಓದಿ ಕಾಗದ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ. ನಿನ್ನ ಚಿಕ್ಕಮ್ಮ "ಏನಂತೆ?" ಅಂದಳು. "ಏನಿಲ್ಲ, ಕಾರಿನ ವಿಷಯ" ಅಂದೆ.

ಮೊದಲು ಎಂಜಿನ್ನಿನ ಮಾತು ಮುಗಿಸಿಬಿಡುತ್ತೇನೆ, ಅದಷ್ಟೇ ಆದರೂ ನನಗೆ ಗೊತ್ತಿರುವುದು. ನೀನು ಬರೆದಿರುವ ಪ್ರಕಾರ ನಿನ್ನ ಬಿಎಂಡಬ್ಲ್ಯು ಎಂ2 ಗಾಡಿಗೆ ಹೊಸ ಎಂಜಿನ್ ಪಳಗುವ ಮೊದಲ 2,000 ಕಿಲೋಮೀಟರ್ ತನಕ 5,500 ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು, ದಾಟಿಸಬಾರದು, 170ರ ಮೇಲೆ ಓಡಿಸಬಾರದು, ಪೂರ್ತಿ ಎಕ್ಸಲರೇಟರ್ ಒತ್ತಬಾರದು. 640 ಕಿಲೋಮೀಟರ್ ಆಗಿದ್ದಾಗ ಜರ್ಮನಿಯ ಆ ಹೆದ್ದಾರಿಗೆ, ನಿಮ್ಮ ಆಟೋಬಾನಿಗೆ, ಸೇರಿಕೊಳ್ಳುವ ಜಾಗದಲ್ಲಿ ಹಿಂದಿನಿಂದ ಲಾರಿ ಬಂತು, ಮೂರನೇ ಗೇರಿನಲ್ಲಿ ಒತ್ತಿದೆ, ಮುಳ್ಳು 6,400ಕ್ಕೆ ಹೋಯಿತು. ಎರಡು ಸೆಕೆಂಡೋ ಮೂರು ಸೆಕೆಂಡೋ. ಇಷ್ಟೇ ತಾನೆ?

ಆ ಎಂಜಿನ್ ಎಂದೂ ದಾಟಬಾರದ ಕೆಂಪು ಗೆರೆ ಇರುವುದು 7,200ರಲ್ಲಿ. ನೀನು ಅದರ ಹತ್ತಿರಕ್ಕೂ ಹೋಗಿಲ್ಲ. ಕಂಪನಿಯವರು 5,500 ಅಂದರೆ 5,501ಕ್ಕೆ ಪಿಸ್ಟನ್ ಒಡೆಯುತ್ತದೆ ಅಂತ ಅರ್ಥ ಅಲ್ಲಮ್ಮ. ಮನೆಯಿಂದ ಹೊರಟು ಇಪ್ಪತ್ತು ನಿಮಿಷ ಆಗಿತ್ತು ಅಂತಲೂ ಬರೆದಿದ್ದೀಯ, ಅಂದರೆ ಆಯಿಲ್ ಬಿಸಿಯಾಗಿತ್ತು. ನಾನು ಕೇಳಬೇಕೆಂದಿದ್ದ ಮೊದಲ ಪ್ರಶ್ನೆ ಅದೇ. ಎರಡನೆಯದು, ಮುಳ್ಳು ಮೇಲೆ ಹೋಗಿದ್ದು ಗಾಡಿ ಎಳೆಯುವಾಗಲೋ, ಗೇರ್ ಇಳಿಸುವಾಗಲೋ ಅಂತ. ಎಳೆಯುವಾಗಲಾದರೆ ಮಿತಿ ಮೀರುವ ಹೊತ್ತಿಗೆ ಗಾಡಿಯೇ ಕಟ್ ಮಾಡುತ್ತದೆ. ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದರೆ ಮಾತ್ರ ಯಾವ ಕಂಪ್ಯೂಟರೂ ಕಾಪಾಡಲ್ಲ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನಿನ್ನದು ಮ್ಯಾನ್ಯುಯಲ್ ಗೇರು ಅನ್ನುವುದಕ್ಕೆ ಹೇಳಿದೆ. ನಿನ್ನದು ಹಾಗಾಗಿಲ್ಲ. ಆದ್ದರಿಂದ ಏನೂ ಆಗಿಲ್ಲ.

ಏನೂ ಆಗಿಲ್ಲ ಅಂತ ಬರೆದು ಪತ್ರ ಮುಗಿಸಬಹುದಿತ್ತು. ಮುಗಿಸಲು ಆಗುತ್ತಿಲ್ಲ, ಯಾಕೆಂದರೆ ಆ ಸಾಲನ್ನು ನಾನು ಮೊದಲೂ ಒಮ್ಮೆ ಕೇಳಿದ್ದೇನೆ. ಹೆಚ್ಚು ಕಡಿಮೆ ಅದೇ ಮಾತು. ನಿಮ್ಮಪ್ಪನ ಬಾಯಲ್ಲಿ.

ಅಣ್ಣ 1982ರಲ್ಲಿ ಯೆಜ್ಡಿ ತಗೊಂಡಿದ್ದು ನಿನಗೆ ಗೊತ್ತು. ಯಾದವಗಿರಿಯಲ್ಲಿ ತಯಾರಾದ ಗಾಡಿ, ನಮ್ಮೂರಿನದೇ ಅನ್ನುವ ಜಂಬ ಆಗ ಮೈಸೂರಿನಲ್ಲಿ ಎಲ್ಲರಿಗೂ. ಎರಡು ಸೈಲೆನ್ಸರ್, ಕಿಕ್ಕರ್ ಮಡಚಿದರೆ ಅದೇ ಗೇರ್ ಲಿವರ್. ಆಗೆಲ್ಲ ರನ್ನಿಂಗ್ ಪೀರಿಯಡ್, ಹೊಸ ಎಂಜಿನ್ ಪಳಗುವ ಆ ದಿನಗಳು, ಅಂದರೆ ಮನೆಯಲ್ಲಿ ಬಾಣಂತಿ ಇದ್ದ ಹಾಗೆ. ಹೊಸ ಅಂಬಾಸಿಡರ್ ಕೊಂಡವರು ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಅಂತ ಚೀಟಿ ಅಂಟಿಸಿಕೊಂಡು ಓಡಾಡುತ್ತಿದ್ದರು. ಅಣ್ಣನೂ ನಲವತ್ತು ದಾಟಿಸುತ್ತಿರಲಿಲ್ಲ. ಸೈಕಲ್ಲಿನವರು ಪಕ್ಕದಲ್ಲಿ ಮಾತಾಡಿಕೊಂಡು ಬರುತ್ತಿದ್ದರು ಅಂತ ನಾವು ನಗುತ್ತಿದ್ದೆವು. ಅದು ಟೂ ಸ್ಟ್ರೋಕು, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಎಷ್ಟು ಲೀಟರಿಗೆ ಎಷ್ಟು ಆಯಿಲ್, ಎಷ್ಟು ಕಿಲೋಮೀಟರಿನಲ್ಲಿ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅವನ ಅಕ್ಷರ ನಿನಗೆ ಗೊತ್ತಲ್ಲ.

ಇದುವರೆಗಿನದು ಮನೆಯವರಿಗೆಲ್ಲ ಗೊತ್ತು. ಇನ್ನು ಮುಂದಿನದು ಯಾರಿಗೂ ಗೊತ್ತಿಲ್ಲ.

ಗಾಡಿ ಮುನ್ನೂರು ಚಿಲ್ಲರೆ ಕಿಲೋಮೀಟರ್ ಓಡಿತ್ತು. ಒಂದು ಮಧ್ಯಾಹ್ನ ಅಣ್ಣ ಊಟ ಮಾಡಿ ಮಲಗಿದ್ದಾಗ ಕೀ ಎತ್ತಿಕೊಂಡು ನಂಜನಗೂಡು ರಸ್ತೆಗೆ ಹೋದೆ. ಕಡಕೊಳ ದಾಟಿದ ಮೇಲೆ ರಸ್ತೆ ಖಾಲಿ. ಎಂಬತ್ತಕ್ಕೆ ಹೋಗಿರಬೇಕು. ಶಬ್ದ ಒಮ್ಮೆಗೆ ಬದಲಾಯಿತು, ಕೀರಲು, ಆಮೇಲೆ ಕಾದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಗಪ್ ಅಂತ ಹಿಡಿದುಕೊಂಡಿತು. ಕ್ಲಚ್ ಹಿಡಿಯುವ ಬುದ್ಧಿ ಹೇಗೆ ಬಂತೋ, ಇಲ್ಲದಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ. ಹುಣಸೇಮರದ ಕೆಳಗೆ ಅರ್ಧ ಗಂಟೆ ನಿಲ್ಲಿಸಿದೆ. ತಣ್ಣಗಾದ ಮೇಲೆ ಕಿಕ್ಕರ್ ಇಳಿಯಿತು, ಸ್ಟಾರ್ಟ್ ಆಯಿತು. ಮೂವತ್ತರಲ್ಲಿ ವಾಪಸ್ ಬಂದು ಇದ್ದ ಜಾಗದಲ್ಲೇ, ಇದ್ದ ಹಾಗೇ ನಿಲ್ಲಿಸಿದೆ. ಅಣ್ಣ ಇನ್ನೂ ಎದ್ದಿರಲಿಲ್ಲ.

ಮಾರನೆಯ ದಿನದಿಂದ ಗಾಡಿಯಲ್ಲಿ ಸಣ್ಣಗೆ ಕಟಕಟ ಶಬ್ದ. ಅಣ್ಣ ಬಗ್ಗಿ ಬಗ್ಗಿ ಕೇಳುತ್ತಿದ್ದ. "ನಿನಗೆ ಕೇಳಿಸುತ್ತೇನೋ?" ಅನ್ನುತ್ತಿದ್ದ. "ಇಲ್ಲ" ಅನ್ನುತ್ತಿದ್ದೆ.

ನಾಲ್ಕು ವರ್ಷ ಹಾಗೇ ಓಡಿಸಿದ. ಅಷ್ಟರಲ್ಲಿ ನಾನು ಸವೆದ ಸಿಲಿಂಡರಿನ ಒಳಗೋಡೆ ಕೊರೆದು ಸರಿಮಾಡುವ ಬೋರಿಂಗ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದೆ. ಯಾಕೆ ಅದೇ ಕೆಲಸಕ್ಕೆ ಹೋದೆ ಅಂತ ಎಲ್ಲರೂ ಕೇಳುತ್ತಿದ್ದರು. ಅಣ್ಣನ ಗಾಡಿ ನನ್ನ ಕೈಗೇ ಬಂತು, ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಿತ್ತು. ಬ್ಲಾಕ್ ಬಿಚ್ಚಿ ಬೆಳಕಿಗೆ ಹಿಡಿದರೆ ಒಳಗೋಡೆಯ ಮೇಲೆ ಉದ್ದಕ್ಕೆ ಗೀರು. ಕಡಕೊಳದ ಗೀರು. ಅಣ್ಣ ಪಕ್ಕದಲ್ಲೇ ನಿಂತಿದ್ದ. "ಇದ್ಯಾಕೋ ಹೀಗಾಯ್ತು?" ಅಂದ.

"ರನ್ನಿಂಗ್ ಪೀರಿಯಡ್‌ನಲ್ಲಿ ಆಯಿಲ್ ಕಮ್ಮಿ ಬೆರೆಸಿರಬೇಕು ನೀನು" ಅಂದೆ.

ಹೌದು ಪುಟ್ಟಿ, ಹಾಗೆ ಅಂದೆ. ಅಣ್ಣ ಸಂಜೆ ಆ ಪುಸ್ತಕ ತೆಗೆದು ಒಂದೊಂದೇ ಸಾಲು ನೋಡಿದ. ಎಲ್ಲೂ ಕಮ್ಮಿ ಇರಲಿಲ್ಲ. ಆದರೂ ಪುಸ್ತಕ ಬಿಟ್ಟು ನನ್ನ ಮಾತು ನಂಬಿದ. "ನಾನೇ ಹಾಳು ಮಾಡಿಬಿಟ್ಟೆ ಕಣೋ, ಹೊಸ ಗಾಡೀನ" ಅಂದ. ಆಮೇಲೂ ಯಾರಾದರೂ ಹೊಸ ಗಾಡಿ ತಗೊಂಡರೆ ಅಣ್ಣ ಹೋಗಿ ಹೇಳುತ್ತಿದ್ದ, ಆಯಿಲ್ ಜಾಸ್ತಿನೇ ಹಾಕಿ, ನಾನು ಕಮ್ಮಿ ಹಾಕಿ ಕೆಡಿಸಿಕೊಂಡೆ ಅಂತ. ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ.

ನಿನ್ನ ಕಾರಿನ ಮಾತಾಡುತ್ತಾ ಎಲ್ಲಿಗೋ ಹೋದೆ. ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಅದು ಟೂ ಸ್ಟ್ರೋಕು, ಗಾಳಿಯಿಂದ ತಣಿಯುವ ಒಂದೇ ಸಿಲಿಂಡರು. ನಿನ್ನದು ಮೂರು ಲೀಟರಿನ, ಸಾಲಾಗಿ ಆರು ಸಿಲಿಂಡರಿರುವ, ಎರಡು ಟರ್ಬೊ ಎಂಜಿನ್ನು. ನಾವು ಬೋರ್ ಮಾಡಿದ ಮೇಲೆ ಹೋನಿಂಗ್ ಕಲ್ಲು ಹಾಕಿ ಒಳಗೋಡೆಯಲ್ಲಿ ಕತ್ತರಿ ಆಕಾರದಲ್ಲಿ ಸಣ್ಣ ಗೆರೆ ಎಳೆಯುತ್ತಿದ್ದೆವು, ಆ ಗೆರೆಯಲ್ಲಿ ಆಯಿಲ್ ನಿಲ್ಲಲಿ ಅಂತ. ಗೆರೆಗಳ ಚೂಪು ತುದಿ ಸವೆದು ಪಿಸ್ಟನ್ನಿನ ಸುತ್ತ ಇರುವ ರಿಂಗ್ ಗೋಡೆಗೆ ಸರಿಯಾಗಿ ಕೂರುವ ಕೆಲಸ ರಸ್ತೆಯ ಮೇಲೆ ಆಗಬೇಕಿತ್ತು, ಅದಕ್ಕೇ ಆ ಬಾಣಂತನ. ಈಗ ಆ ಚೂಪನ್ನು ಬಹುಮಟ್ಟಿಗೆ ಫ್ಯಾಕ್ಟರಿಯಲ್ಲೇ ತೆಗೆದಿರುತ್ತಾರೆ. ನಿನ್ನ ಪಾಲಿಗೆ ಉಳಿದಿರುವುದು ಸ್ವಲ್ಪ.

ಆ ಸ್ವಲ್ಪವನ್ನು ಈಗ ನೀನು ಕೆಡಿಸುತ್ತಿದ್ದೀಯೇನೋ ಅಂತ ನನ್ನ ಅನುಮಾನ. ಬೇಜಾರು ಮಾಡಿಕೊಳ್ಳಬೇಡ. ಅವತ್ತಿನಿಂದ ಹನ್ನೊಂದು ದಿನ ಕಾರು ನೆಲಮಾಳಿಗೆ ಬಿಟ್ಟು ಎದ್ದಿಲ್ಲ, ಆಮೇಲೆ ತೆಗೆದರೂ ಬಲಗಡೆಯ ಲೇನಿನಲ್ಲಿ ಲಾರಿಗಳ ಹಿಂದೆ ಎಂಬತ್ತರಲ್ಲಿ, ಆರನೇ ಗೇರಿನಲ್ಲಿ ಹೋಗುತ್ತೀನಿ ಅಂತ ಬರೆದಿದ್ದೀಯ. ಅದು ಬೇಡಮ್ಮ. ರಿಂಗ್ ಕೂರಬೇಕಾದರೆ ಅದರ ಬೆನ್ನಿಗೆ ಒತ್ತಡ ಬೀಳಬೇಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ, ಎತ್ತರದ ಗೇರಿನಲ್ಲಿ ಗುಂಯ್‌ಗುಡಿಸಿ ಎಳೆಸಿದರೆ, ಎಂಜಿನ್ನಿಗೆ ಸುಖವಿಲ್ಲ. ಆಟೋಬಾನ್ ಬಿಟ್ಟು ಸಣ್ಣ ರಸ್ತೆ ಹಿಡಿ. ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಕೋಚೆಲ್ ದಾಟಿ ಕೆಸೆಲ್‌ಬರ್ಗ್ ಹತ್ತಿ ವಾಲ್ಶೆನ್ ಸರೋವರಕ್ಕೆ ಹೋಗುವ ತಿರುವಿನ ರಸ್ತೆಯ ಫೋಟೋ ಒಮ್ಮೆ ಕಳಿಸಿದ್ದೆಯಲ್ಲ, ಅಂಥದ್ದು. ಹತ್ತುವಾಗ ಸ್ವಲ್ಪ ಎಳೆಯಲಿ, ಇಳಿಯುವಾಗ ಗೇರಿನಲ್ಲೇ ಇಳಿಯಲಿ. ಎರಡು ಸಾವಿರ, ಮೂರು ಸಾವಿರ, ನಾಲ್ಕೂವರೆ ಸಾವಿರ, ಹೀಗೆ ಮೇಲೆ ಕೆಳಗೆ ಆಡಲಿ. ನಾನು ಆ ರಸ್ತೆ ನೋಡಿದವನಲ್ಲ, ಚಾಮುಂಡಿ ಬೆಟ್ಟದ ರಸ್ತೆ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ.

ನಿಲ್ಲಿಸಿದ ಜಾಗದಲ್ಲೇ ಸ್ಟಾರ್ಟ್ ಮಾಡಿ ಬಿಸಿ ಮಾಡುವುದು ಬೇಡ, ಅಲ್ಲಿ ಕಾನೂನೂ ಬಿಡುವುದಿಲ್ಲ. ಸ್ಟಾರ್ಟ್ ಮಾಡಿ, ಮೆಲ್ಲಗೆ ಹೊರಡು. ಎಂಜಿನ್ ತಣ್ಣಗಿರುವಾಗ ಮೀಟರಿನ ಎಚ್ಚರಿಕೆ ಪಟ್ಟಿ ಕೆಳಗಿನಿಂದಲೇ ಶುರುವಾಗಿ, ಬಿಸಿಯಾದ ಹಾಗೆ ಮೇಲಕ್ಕೆ ಸರಿಯುತ್ತದಲ್ಲ, ಅದೊಂದನ್ನು ನಂಬು. ಆ ಸವಲತ್ತು ಅಣ್ಣನಿಗೆ ಇದ್ದಿದ್ದರೆ... ಅಲ್ಲ, ಅಣ್ಣನ ತಪ್ಪೇ ಇರಲಿಲ್ಲ, ನೋಡು, ನನ್ನ ಬಾಯಿಗೇ ಆ ಸುಳ್ಳು ರೂಢಿಯಾಗಿಬಿಟ್ಟಿದೆ.

ಇನ್ನೊಂದು. ನೀನು ಎಂಜಿನ್ನಿನ ಚಿಂತೆಯಲ್ಲಿ ಟೈರು, ಬ್ರೇಕು ಮರೆತಿದ್ದೀಯ. ಹೊಸ ಟೈರಿಗೆ ಮೊದಲ 300 ಕಿಲೋಮೀಟರ್ ಪೂರ್ತಿ ಹಿಡಿತ ಇರುವುದಿಲ್ಲ, ಬ್ರೇಕ್ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು 500 ಬೇಕು. ಅದು ಕಳೆದಿದೆ ಬಿಡು. ಆದರೆ ಚಳಿಗಾಲದ ಟೈರು ಹಾಕಿಸುವಾಗ ಅವೂ ಹೊಸವೇ, ಮತ್ತೆ ಅಷ್ಟು ದೂರ ಹುಷಾರು. ಎಂಜಿನ್ ಹೋದರೆ ದುಡ್ಡು ಹೋಗುತ್ತದೆ, ಅಷ್ಟೇ.

ಆಯಿಲ್ ಎಷ್ಟಿದೆ ಅಂತ ಪರದೆಯ ಮೇಲೆ ವಾರಕ್ಕೊಮ್ಮೆ ನೋಡು. ಮೊದಮೊದಲು ಸ್ವಲ್ಪ ಕುಡಿಯುತ್ತದೆ, ಹೆದರಬೇಡ. ದಿನಾ ನೋಡಬೇಡ. ನೀನು ದಿನಾ ನೋಡುತ್ತೀಯ ಅಂತ ನನಗೆ ಗೊತ್ತು.

2,000ಕ್ಕೆ ಸರ್ವಿಸಿಗೆ ಕರೆಯುತ್ತಾರೆ, ಎಂಜಿನ್ ಆಯಿಲ್ಲೂ, ಹಿಂದಿನ ಎರಡು ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಆಯಿಲ್ಲೂ ಬದಲಾಯಿಸುತ್ತಾರೆ. ಅದನ್ನು ಮಾತ್ರ ಮುಂದೆ ಹಾಕಬೇಡ. ಅಲ್ಲಿ ಹೋದಾಗ 6,400ಕ್ಕೆ ಹೋಗಿದ್ದು ಹೇಳಿಬಿಡು. ಅವರು ನಗಬಹುದು. ನಗಲಿ. ಒಬ್ಬರಿಗೆ ಹೇಳಿ ಅವರು ನಕ್ಕುಬಿಟ್ಟರೆ ರಾತ್ರಿ ನಿದ್ದೆ ಬರುತ್ತದೆ. ನಾನು ಹೇಳದೆ ನಲವತ್ತು ವರ್ಷ ಕಳೆದವನು, ನನ್ನಿಂದ ಈ ಬುದ್ಧಿವಾದ ಅಂದರೆ ನಿನಗೂ ನಗು ಬರಬಹುದು.

ಅಣ್ಣನಿಗೆ ಹೇಳಿದ್ದರೆ ಒಂದು ವಾರ ಬೈಯುತ್ತಿದ್ದ. ಅಷ್ಟೇ ಆಗುತ್ತಿದ್ದುದು. ಎರಡನೇ ಸಲ ಆಸ್ಪತ್ರೆಗೆ ಸೇರಿಸಿದಾಗಲೂ ಹೇಳಬೇಕು ಅಂತಲೇ ಹೋಗಿದ್ದೆ. ಕಿತ್ತಳೆ ಸುಲಿದುಕೊಟ್ಟು ಬಂದೆ.

ಈ ವಿಷಯ ಅತ್ತಿಗೆಗೆ ನೀನು ಹೇಳಬೇಡ. ಈ ವಾರ ನಾನೇ ಹೋಗುತ್ತೇನೆ. ಆ ಲೆಕ್ಕದ ಪುಸ್ತಕ ಟ್ರಂಕಿನಲ್ಲಿ ಇರಬೇಕು, ಅದನ್ನೂ ಕೇಳಿ ನೋಡುತ್ತೇನೆ.

ಒಂದು ಕೆಲಸ ಮಾಡು. ನಾಳೆಯೋ ನಾಡಿದ್ದೋ ಬೆಳಗ್ಗೆ ಕಾರು ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಾನೆಟ್ ಹತ್ತಿರ ಫೋನ್ ಹಿಡಿದು ಶಬ್ದ ರೆಕಾರ್ಡ್ ಮಾಡಿ ಕಳಿಸು. ಅಷ್ಟು ದೂರದಿಂದ ಕೇಳಿ ಏನೂ ಹೇಳಲಾಗದು ಅಂತ ಗೊತ್ತು. ಆದರೂ ಕಳಿಸು. ಏನಾದರೂ ಕೇಳಿಸಿದರೆ ಈ ಸಲ ಕೇಳಿಸಿತು ಅಂತಲೇ ಹೇಳುತ್ತೇನೆ.

ಇತಿ,
ನಿನ್ನ ಚಿಕ್ಕಪ್ಪ