ಹತ್ತನೇ ಕ್ಯೂಬು

ಘಟಿಕೋತ್ಸವದ ಫೋಟೊ ಹಾಕಿದ ಮೇಲೆ ನೀವೆಲ್ಲ ಬಾಯಿ ತುಂಬ ಹರಸಿದಿರಿ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಕೂತು ನಾಲ್ಕು ಜನಕ್ಕೇ ಸಾಕಾಯಿತು, ಅದಕ್ಕೇ ಎಲ್ಲರಿಗೂ ಸೇರಿಸಿ ಇದು. ನಾಲ್ಕನೇ ಇಯತ್ತೆವರೆಗೆ ಮಾತ್ರ ಇಂಡಿ ತಾಲೂಕಿನ ನಮ್ಮೂರಲ್ಲಿ, ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಗೆ ಹೋದವಳು ನಾನು. ಆಮೇಲೆ ಎಲ್ಲ ಪುಣೆ, ಎಲ್ಲ ಮರಾಠಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಓದಿದ ಸಿಓಇಪಿ, ಅಂದರೆ ಪುಣೆಯ ಇಂಜಿನಿಯರಿಂಗ್ ಕಾಲೇಜು, ಅಂದ ಕೂಡಲೇ ಊರ ಕಡೆಯವರ ಬಾಯಲ್ಲಿ ಬರುವುದು ಒಂದೇ ಮಾತು: "ವಿಶ್ವೇಶ್ವರಯ್ಯನವರು ಓದಿದ ಕಾಲೇಜು!" ಹೌದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರಕಾರದ ವಿದ್ಯಾರ್ಥಿವೇತನದ ಮೇಲೆ ಇಲ್ಲಿಗೆ ಬಂದು, 1883ರಲ್ಲಿ ಎಲ್.ಸಿ.ಇ. ಅನ್ನುವ ಸಿವಿಲ್ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಆಗ ಇದಕ್ಕೆ ಕಾಲೇಜ್ ಆಫ್ ಸೈನ್ಸ್ ಅಂತ ಹೆಸರು. ನೀರು ಏರಿದರೆ ತಾನೇ ತೆರೆದುಕೊಳ್ಳುವ ಅವರ ಅಣೆಕಟ್ಟಿನ ಬಾಗಿಲುಗಳನ್ನು ಮೊದಲು ಹಾಕಿದ್ದು 1903ರಲ್ಲಿ, ಪುಣೆ ಹತ್ತಿರದ ಖಡಕ್‌ವಾಸಲಾದಲ್ಲಿ. ಅಲ್ಲಿಯ ನೀರೇ ನಮ್ಮ ವಾರ್ಜೆಯ ಗಲ್ಲಿಯ ನಳಕ್ಕೂ ಬರುತ್ತದೆ. ಇದೆಲ್ಲ ನನಗೂ ಹೆಮ್ಮೆಯೇ. ಆದರೆ ಎರಡನೇ ವರ್ಷ ಒಂದು ವಿಷಯದಲ್ಲಿ ನಾನು ಕೂತಾಗ, "ವಿಶ್ವೇಶ್ವರಯ್ಯನವರು ಫೇಲಾಗಿದ್ದರೇನು?" ಅಂತ ಫೋನಿನಲ್ಲೇ ಕೇಳಿದ ಕಾಕಾನಿಗೆ ಈ ಬರಹದಲ್ಲಿ ಕೃತಜ್ಞತೆ ಇಲ್ಲ.

ಘಟಿಕೋತ್ಸವದಲ್ಲಿ ಸಂಸ್ಥೆ ಬೆಳೆದು ಬಂದ ದಾರಿಯನ್ನು ಹೇಳಿದರು. ನಾನು ಮುಂದೆ ನಮ್ಮ ಬ್ಯಾಚಿನ ಸಾಲಿನಲ್ಲಿದ್ದೆ. ಹಿಂದೆ ಅಪ್ಪನ ಪಕ್ಕ ಕೂತ ತಮ್ಮ ಇಂಗ್ಲಿಷಿನದನ್ನು ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದನಂತೆ. 1854ರಲ್ಲಿ ಇದು ಸುರುವಾದದ್ದು ಪೂನಾ ಇಂಜಿನಿಯರಿಂಗ್ ಕ್ಲಾಸ್ ಮತ್ತು ಮೆಕ್ಯಾನಿಕಲ್ ಸ್ಕೂಲ್ ಅಂತ. ಕಟ್ಟಡ, ಕಾಲುವೆ, ಸೇತುವೆ, ರೈಲುದಾರಿ ಕಟ್ಟಿಸುವ ಸರಕಾರಿ ಇಲಾಖೆಗೆ ಕೆಳಹಂತದ ಅಧಿಕಾರಿಗಳು ಬೇಕಾಗಿದ್ದರು, ಅವರನ್ನು ತಯಾರು ಮಾಡಲಿಕ್ಕೆ ತೆರೆದ ಶಾಲೆ. ಅಪ್ಪ ಇದನ್ನು ಕೇಳಿ ತಮ್ಮನಿಗೆ ಅಂದರಂತೆ: "ಹಂಗಾರ ಇದು ಮೇಸ್ತ್ರಿಗೋಳ ಸಾಲಿ ಅನ್ನು. ನಾನೂ ಕಲೀಬಹುದಿತ್ತಲ್ಲೋ!" ಮೂವತ್ತು ವರ್ಷ ಗೌಂಡಿ ಕೆಲಸ ಮಾಡಿದ ಮನುಷ್ಯ. ಅವರ ಮಟ್ಟಿಗೆ ಆ ಇಡೀ ಕಾರ್ಯಕ್ರಮದಲ್ಲಿ ನೆನಪಿಡುವ ಮಾತು ಅದೊಂದೇ.

ನನಗೆ ನೆನಪಿರುವುದು ಇನ್ನೊಂದು. ಇಷ್ಟು ಹಳೆಯ ಕಾಲೇಜಾದರೂ ಇಲ್ಲಿ ಓದಿದವರ ಪದವಿಯ ಮೇಲೆ ಮೊದಲು ಮುಂಬೈ ವಿಶ್ವವಿದ್ಯಾಲಯದ ಹೆಸರು ಇರುತ್ತಿತ್ತು, ಪುಣೆಗೆ ತನ್ನದೇ ವಿಶ್ವವಿದ್ಯಾಲಯ ಬಂದ ಮೇಲೆ ಅದರ ಹೆಸರು. ಮಾಹಿತಿ ಸಿದ್ಧಾಂತದಲ್ಲಿ ಹೆಸರು ಮಾಡಿದ ಥಾಮಸ್ ಕೈಲಾತ್ ಆಗಲಿ, ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದ ಸಿ.ಕೆ.ಎನ್. ಪಟೇಲ್ ಆಗಲಿ, 1950ರ ದಶಕದಲ್ಲಿ ಇಲ್ಲಿಂದ ಹೊರಟದ್ದು ಪುಣೆ ವಿಶ್ವವಿದ್ಯಾಲಯದ ಕಾಗದ ಹಿಡಿದೇ. 2003ರಲ್ಲಿ ಸ್ವಾಯತ್ತತೆ ಬಂತು, 2022ರಲ್ಲಿ ಕಾಲೇಜೇ ತಾಂತ್ರಿಕ ವಿಶ್ವವಿದ್ಯಾಲಯ ಆಯಿತು. ನನ್ನ ಕೈಗೆ ಬಂದ ಕಾಗದದ ಮೇಲೆ ಓದಿದ ಜಾಗದ ಹೆಸರೇ ಇದೆ. ಅದರ ಕೆಳಗೆ ನನ್ನದು, ನನ್ನ ಹೆಸರಿಗೆ ಹೊಂದಿ ಅಪ್ಪನದು. ವೇದಿಕೆಯಿಂದ ಇಳಿದು ಬಂದು ಮೂರು ಸಲ ಓದಿದೆ, ಅಕ್ಷರ ತಪ್ಪಿದೆಯೋ ಏನೋ ಅಂತ.

ಈಗ ಧನ್ಯವಾದಗಳು. ಪ್ರಾಜೆಕ್ಟ್ ಗೈಡ್ ಸರ್, ನನ್ನ ಪರವಾಗಿ ಪ್ರಾಕ್ಟಿಕಲ್ ಬರೆದು ಬೈಸಿಕೊಂಡ ಗೆಳತಿಯರು, ಸ್ಕಾಲರ್‌ಶಿಪ್ ಕಿಟಕಿಯ ಮೇಡಂ, ಆಸ್ಪತ್ರೆ ವಾರ್ಡಿನ ಆಯಾ ಮಾವಶಿಗಳು, ಮೂರು ತಿಂಗಳ ಬಾಡಿಗೆ ಕೇಳದ ಮನೆ ಮಾಲಕರು, ಎರಡು ಚೀಲ ಜೋಳ ಬಸ್ಸಿಗೆ ಹಾಕಿ ಕಳಿಸಿದ ಅಜ್ಜಿ, ಅಡ್ಡಾದಲ್ಲಿ ದಿನಗೂಲಿಯಿಂದ ನೂರು ಇನ್ನೂರು ಎತ್ತಿಟ್ಟು ತಂದುಕೊಟ್ಟ ಅಪ್ಪನ ಜೊತೆಗಾರರು, ಎಲ್ಲರಿಗೂ ಕೈ ಮುಗಿದೆ. ಕಟ್ಟಡ ಕಾರ್ಮಿಕರ ಮಂಡಳಿಯ ಶಿಕ್ಷಣ ಸಹಾಯಕ್ಕೆ ಅಪ್ಪ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಾರೆ ಅಂತ ಒಂದು ಸಹಿ ಬೇಕಿತ್ತು. ಹನ್ನೊಂದು ವರ್ಷ ದುಡಿಸಿಕೊಂಡ ಕಂತ್ರಾಟದಾರ ಆ ಸಹಿ ಹಾಕಲಿಲ್ಲ. ಅವನನ್ನೂ ನೆನೆಯುತ್ತೇನೆ, ಬೇರೆ ರೀತಿಯಲ್ಲಿ.

ಉಳಿದದ್ದು ಮಾಮಾನದು.

ಪುಣೆಯ ಕಾಲೇಜುಗಳಲ್ಲಿ ಲ್ಯಾಬ್ ನೋಡಿಕೊಳ್ಳುವವರು, ಶಿಪಾಯಿಗಳು ಎಲ್ಲರೂ ಮಾಮಾಗಳೇ. ಹೆಸರು ಯಾರೂ ಕೇಳುವುದಿಲ್ಲ. ಕಾಂಕ್ರೀಟ್ ಲ್ಯಾಬಿನ ಮಾಮಾನ ಹೆಸರು ನಾನೂ ಎರಡು ವರ್ಷ ಕೇಳಿರಲಿಲ್ಲ. ಈಗ ಗೊತ್ತು, ಆದರೆ ಬರೆಯಬೇಡ ಅಂದಿದ್ದಾರೆ. ಒಂದು ದಿನ ಕಬ್ಬಿಣದ ಅಚ್ಚು ಕಾಲ ಮೇಲೆ ಬಿದ್ದು "ಯವ್ವಾ ಸತ್ತೆ!" ಅಂದೆ. ಆ ಕಡೆಯಿಂದ "ಯಾವೂರವ್ವಾ ನಿಂದು?" ಅಂತ ಬಂತು. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವರು, ಏಳನೇವರೆಗೆ ಅಲ್ಲಿಯ ಕನ್ನಡ ಶಾಲೆಯಲ್ಲೇ ಓದಿದವರು. ನಮ್ಮ ವಿಜಯಪುರಕ್ಕೂ ಅವರ ಜತ್ತಕ್ಕೂ ನಡುವೆ ರಾಜ್ಯದ ಗೆರೆ ಇದೆ ಅಷ್ಟೆ. ಜೋಳ ಒಂದೇ, ಬರವೂ ಒಂದೇ. ಅವತ್ತಿನಿಂದ ಲ್ಯಾಬಿನಲ್ಲಿ ನನಗೆ ಶೇಂಗಾ ಹಿಂಡಿಯ ಪಾಲು ಸುರುವಾಯಿತು.

ಅಪ್ಪನಿಗೆ ಏನಾಯಿತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯಲಾರೆ. ಪರಾಂಚಿ, ಅಂದರೆ ಗೌಂಡಿಗಳು ಎತ್ತರದಲ್ಲಿ ನಿಂತು ಕೆಲಸ ಮಾಡುವ ಅಟ್ಟಣೆ, ಅನ್ನುವ ಶಬ್ದ ಇವತ್ತಿಗೂ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಫೋನ್ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಪ್ರಾಜೆಕ್ಟಿನ ಕ್ಯೂಬುಗಳನ್ನು, ಅಂದರೆ ಎಷ್ಟು ಭಾರ ತಡೆಯುತ್ತದೆ ಅಂತ ಮಷೀನಿನಲ್ಲಿ ಒಡೆದು ನೋಡುವ ಕಾಂಕ್ರೀಟಿನ ಚೌಕ ಗಟ್ಟಿಗಳನ್ನು, ಆಗಷ್ಟೇ ಹಾಕಿ ಮುಗಿಸಿದ್ದೆ. ಒಂಬತ್ತು ಬೇಕಿತ್ತು, ಮಾಲು ಉಳಿಯಿತು ಅಂತ ಮಾಮಾ ಹತ್ತನೆಯದನ್ನೂ ತುಂಬಿಸಿದ್ದರು. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ರಿಕ್ಷಾದಲ್ಲಿ ಕೂತ ಮೇಲೆ ನೋಡಿದರೆ ಪಕ್ಕದಲ್ಲಿ ಮಾಮಾ ಇದ್ದರು. ನಾನು ಕರೆದಿರಲಿಲ್ಲ.

ಆಸ್ಪತ್ರೆಯಲ್ಲಿ ಒಂದು ಫಾರ್ಮ್ ಕೊಟ್ಟರು. ಹೆಸರು, ವಯಸ್ಸು, ಪತ್ತೆ ಬರೆದೆ. ರೋಗಿಯ ಉದ್ಯೋಗ ಅನ್ನುವಲ್ಲಿ ಪೆನ್ನು ನಿಂತಿತು. ಮೊದಲನೇ ವರ್ಷ, ಹಾಸ್ಟೆಲಿನ ಹುಡುಗಿಯರ ಮುಂದೆ, ಅಪ್ಪ ಕಾಂಟ್ರಾಕ್ಟರ್ ಅಂತ ಹೇಳಿಬಿಟ್ಟಿದ್ದೆ. ಆಮೇಲೆ ಅದನ್ನೇ ಎಲ್ಲ ಕಡೆ ಹೇಳುತ್ತಾ ಬಂದಿದ್ದೆ. ಅಪ್ಪ ಒಳಗೆ ಆ ಸ್ಥಿತಿಯಲ್ಲಿದ್ದಾಗಲೂ ನನ್ನ ಕೈ ಆ ಸುಳ್ಳಿನ ಕಡೆಗೇ ಹೊರಟಿತ್ತು. ಮಾಮಾ ಬಗ್ಗಿ ನೋಡಿದರು. ನನಗೆ ಮರಾಠಿ ಅಕ್ಷರ ತೋಚಿಲ್ಲ ಅಂತ ತಿಳಿದುಕೊಂಡರು. "ಗವಂಡಿ ಅಂತ ಬರಿಯವ್ವಾ. ಗ, ವದ ಮ್ಯಾಲ ಅನುಸ್ವಾರ, ಆಮ್ಯಾಲ ದೊಡ್ಡ ಡೀ" ಅಂತ ಬೆರಳಿಟ್ಟು ತೋರಿಸಿದರು. ಬರೆದೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ, ಅದು ಕಾಗುಣಿತದ ಸಮಸ್ಯೆ ಆಗಿರಲಿಲ್ಲ ಅಂತ. ಈಗ ಓದಿದರೆ ಗೊತ್ತಾಗುತ್ತದೆ.

ರಾತ್ರಿ ಹತ್ತಕ್ಕೆ ಕಾವಲಿನವ ಬಂದು, ಮನೆಯವರನ್ನು ಬಿಟ್ಟು ಉಳಿದವರೆಲ್ಲ ಕೆಳಗೆ ಅಂದ. ಮಾಮಾ ಎದ್ದೇಳಲಿಲ್ಲ. "ನೀವು ಯಾರು?" ಅಂತ ಮರಾಠಿಯಲ್ಲಿ ಕೇಳಿದ. "ಮಾಮಾ" ಅಂದರು. ಆತ ರಿಜಿಸ್ಟರ್ ತೆಗೆದು, ನಾತೆ, ಅಂದರೆ ಸಂಬಂಧ, ಅನ್ನುವ ಕಾಲಮಿನಲ್ಲಿ ಹಾಗೇ ಬರೆದುಕೊಂಡು ಹೋದ. ಸುಳ್ಳೇನೂ ಅಲ್ಲವಲ್ಲ, ಇಡೀ ಕಾಲೇಜೇ ಅವರನ್ನು ಹಾಗೆ ಕರೆಯುತ್ತದೆ!

ಆ ರಾತ್ರಿ ಅವರು ದೊಡ್ಡದು ಏನು ಮಾಡಿದರು ಅಂತ ಕೇಳಿದರೆ ಹೇಳಲಿಕ್ಕೆ ಏನೂ ಇಲ್ಲ. ದುಡ್ಡು ಕೊಡಲಿಲ್ಲ, ಅವರ ಹತ್ತಿರ ಇರಲೂ ಇಲ್ಲ. ಐಸಿಯು ಬಾಗಿಲ ಎದುರಿಗೆ ಪೇಪರ್ ಹಾಸಿಕೊಂಡು ಕೂತರು. ಒಳಗಿನಿಂದ ಯಾರಾದರೂ ಬಂದು ಮರಾಠಿಯಲ್ಲೋ ಹಿಂದಿಯಲ್ಲೋ ಏನಾದರೂ ಹೇಳಿದರೆ ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದರು, ಹೇಳಿದ್ದಕ್ಕಿಂತ ಸ್ವಲ್ಪ ಹಗುರ ಮಾಡಿ. ನನಗೆ ಗೊತ್ತಾಗುತ್ತಿತ್ತು, ಸುಮ್ಮನಿದ್ದೆ. ನಡುವೆ 1972ರ ಬರದ ಕಥೆ ತೆಗೆದರು. ಅವರ ಅಪ್ಪ ಬರಗಾಲದ ಕೆಲಸಕ್ಕೆ ಖಡಿ ಒಡೆಯಲು ಹೋಗುತ್ತಿದ್ದದ್ದು, ಅಲ್ಲಿ ಕೊಡುತ್ತಿದ್ದ ಸುಕಡಿಯನ್ನು ತಾವು ತಿನ್ನದೆ ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಮಕ್ಕಳಿಗೆ ಕೊಡುತ್ತಿದ್ದದ್ದು, ಒಂದು ದಿನ ಅದನ್ನು ದಾರಿಯಲ್ಲಿ ಆಡು ತಿಂದದ್ದು. ಮೂರು ಗಂಟೆಗೆ, ಆ ಬಾಗಿಲ ಮುಂದೆ, ಆಡಿನ ಕಥೆಗೆ ನನ್ನ ಅವ್ವ ನಕ್ಕಳು.

ನನಗೆ ಸಿಟ್ಟು ಬಂತು. ಎದ್ದು ಮೆಟ್ಟಿಲ ಕಡೆ ಹೋದೆ. ಅಲ್ಲಿ ನಿಂತು ದೇವರ ಹತ್ತಿರ ಒಂದು ಮಾತು ಕೇಳಿಕೊಂಡೆ. ಅಪ್ಪ ಉಳಿದು, ಉಳಿದೂ ಏಳದೆ ಹೋದರೆ ನಾವು ಹೆಂಗೆ, ಅದಕ್ಕಿಂತ...

ಆ ವಾಕ್ಯ ಇಲ್ಲಿಗೇ ಬಿಡುತ್ತೇನೆ. ಅವ್ವನಿಗೂ ಹೇಳಿಲ್ಲ. ತಿರುಗಿ ಬಂದಾಗ ಮಾಮಾ ನನ್ನ ಮುಖ ನೋಡಿ ಏನೂ ಕೇಳದೆ ಪೇಪರಿನಲ್ಲಿ ಅರ್ಧ ಜಾಗ ಬಿಟ್ಟು ಸರಿದು ಕೂತರು. ಅದರ ಮೇಲೆ ಕೂತೆ. ಬೆಳಗಿನ ತನಕ ಇಬ್ಬರೂ ಮಾತಾಡಲಿಲ್ಲ.

ಮೊದಲನೇ ಬಸ್ಸಿಗೆ ಅವರು ಹೋದರು. ಮನೆಗೆ ಹೋಗಿ ಮಲಗಿರಬೇಕು ಅಂದುಕೊಂಡಿದ್ದೆ. ಹನ್ನೆರಡು ದಿನ ಬಿಟ್ಟು ಕಾಲೇಜಿಗೆ ಹೋದಾಗ ತಿಳಿಯಿತು. ಕ್ಯೂಬು ಹಾಕಿದ 24 ತಾಸಿಗೆ ಅಚ್ಚು ಬಿಚ್ಚಿ ನೀರಿಗೆ ಇಳಿಸಬೇಕು. ಹಾಗೇ ಬಿಟ್ಟರೆ ಒಣಗಿ ಅಷ್ಟೂ ಕೆಲಸ ಹಾಳು. ನನಗೆ ಅದರ ನೆನಪೇ ಇರಲಿಲ್ಲ. ನಿದ್ದೆಯಿಲ್ಲದೆ ಡ್ಯೂಟಿ ಮುಗಿಸಿ, ಸಂಜೆ ಸರಿಯಾಗಿ ಆ ಹೊತ್ತಿಗೆ ಅವರೇ ಹತ್ತೂ ಬಿಚ್ಚಿದ್ದರು. ಒಂದೊಂದು ಎಂಟು ಕಿಲೋ ಭಾರ. ಗುರುತಿಗೆ ಕೆಂಪು ಪೇಂಟಿನಲ್ಲಿ ನಂಬರ್ ಹಾಕಿ ಟಾಕಿಯಲ್ಲಿ ಸಾಲಾಗಿ ಇಟ್ಟಿದ್ದರು. ಏಳನೇ ದಿನದ ಮೂರನ್ನು ಗೆಳತಿ ಮಷೀನಿಗೆ ಕೊಟ್ಟು ಮುಗಿಸಿದ್ದಳು. ಉಳಿದವು ನೀರಿನ ತಳದಲ್ಲಿ ಇದ್ದವು. ಬಗ್ಗಿ ನೋಡಿದೆ. ೪, ೫, ೬, ೭, ೮, ೯, ೧೦.

ಏಳನೇ ಇಯತ್ತೆಯ ಮೇಲೆ ಕನ್ನಡ ಬರೆಯುವ ಕೆಲಸವೇ ಬಿದ್ದಿರದ ಮನುಷ್ಯ. ಎಂಟರ ಬಾಲ ಸ್ವಲ್ಪ ಉದ್ದ ಆಗಿತ್ತು. ಯಾಕೆ ಮಾಮಾ ಕನ್ನಡದಾಗ ಅಂದರೆ, "ಬ್ಯಾರೆಯವ್ರ ಕ್ಯೂಬಿನ ಜೋಡಿ ಕೂಡಬಾರದಲ್ಲವ್ವಾ, ನಿಂದು ಅಂತ ಗೊತ್ತಾಗ್ಬೇಕು" ಅಂದರು. ಟಾಕಿಯ ಕಟ್ಟೆ ಹಿಡಿದುಕೊಂಡು ಅತ್ತೆ. ಆಸ್ಪತ್ರೆಯಲ್ಲಿ ಅಷ್ಟು ದಿನ ಅತ್ತಿರಲಿಲ್ಲ. 28ನೇ ದಿನ ಗೈಡ್ ಸರ್ ನೋಡಿ, "ಇದು ಯಾವ ಕೋಡ್?" ಅಂತ ಕೇಳಿದರು. ಓದಿ ಹೇಳಿದೆ. ರಿಪೋರ್ಟಿನಲ್ಲಿ ಇಂಗ್ಲಿಷ್ ಅಂಕಿಯನ್ನೇ ಹಾಕಬೇಕಾಯಿತು, ಅದೊಂದು ಬೇಜಾರು ಉಳಿಯಿತು.

ಅವ್ವ ಆ ರಿಜಿಸ್ಟರಿನ ಮಾತನ್ನು ಬಿಡಲಿಲ್ಲ. "ಬರದು ಇಟ್ಟಾರಲ್ಲ, ಮುಗೀತು, ಅಣ್ಣನ" ಅಂತ ಆ ವರ್ಷದ ದೀಪಾವಳಿಗೆ, ತಂಗಿ ಅಣ್ಣನಿಗೆ ಆರತಿ ಎತ್ತುವ ಭಾವುಬೀಜಿಗೆ ಕರೆದು ಆರತಿ ಮಾಡಿದಳು. ಮಾಮಾ ಸೀರೆ ತಂದಿದ್ದರು. ಅವರ ಪಗಾರ ಎಷ್ಟು ಅಂತ ನನಗೆ ಗೊತ್ತು, ಆ ಸೀರೆಯ ರೇಟೂ ಗೊತ್ತು.

ಘಟಿಕೋತ್ಸವದ ದಿನ ಮಾಮಾ ಡ್ಯೂಟಿಯಲ್ಲಿದ್ದರು. ಬೆಳಗಿನಿಂದ ಕುರ್ಚಿ ಹಾಕಿ, ನೀರಿನ ಬಾಟಲಿ ಇಟ್ಟು, ಆಮೇಲೆ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ನನ್ನ ಹೆಸರು ಕರೆದಾಗ ಅಪ್ಪನ ಕಡೆ ನೋಡಬೇಕು ಅಂತ ಮೊದಲೇ ಅಂದುಕೊಂಡಿದ್ದೆ. ನೋಡಿದರೆ ಅಪ್ಪ ಕೋಲು ಊರಿಕೊಂಡು ಎದ್ದು ನಿಂತು, ಹಿಂದಕ್ಕೆ ತಿರುಗಿ, ಬಾಗಿಲ ಕಡೆ ಕೈ ಮಾಡಿ ಮಾಮಾನನ್ನು ಕರೆಯುತ್ತಿದ್ದರು. ಹಾಗಾಗಿ ನಾನು ಪದವಿ ತೆಗೆದುಕೊಂಡದ್ದನ್ನು ನಮ್ಮಪ್ಪ ನೋಡಲೇ ಇಲ್ಲ. ಫೋಟೊದಲ್ಲಿ ನೋಡಿಕೊಂಡರು.

ರಾತ್ರಿ ಎಲ್ಲರೂ ನಮ್ಮ ಮನೆಯಲ್ಲೇ ಊಟ. ಹತ್ತನೇ ಕ್ಯೂಬು ಒಡೆಯದೆ ಉಳಿದದ್ದು, ಕೇಳಿ ಮನೆಗೆ ತಂದಿದ್ದೇನೆ. ಬಾಗಿಲು ಗಾಳಿಗೆ ಬಡಿಯದಂತೆ ಆನಿಸಿ ಇಡುತ್ತೇವೆ. ಉಂಡು ಕೂತಾಗ ಅಪ್ಪ ಅದನ್ನು ಹತ್ತಿರ ಎಳೆದುಕೊಂಡು, ಕರಣಿ ಹಿಡಿದು ದಡ್ಡುಗಟ್ಟಿದ ಅಂಗೈಯನ್ನು ನಾಲ್ಕೂ ಬದಿಗೆ ಸವರಿದರು. ಕೆಂಪು ೧೦ರ ಮೇಲೂ ಸವರಿದರು. ಆಮೇಲೆ ಮೂಲೆಯೊಂದರಲ್ಲಿ ಬೆರಳು ನಿಲ್ಲಿಸಿ ನನ್ನ ಕಡೆ ನೋಡಿದರು.

"ಇಂಜಿನಿಯರ್ ಮೇಡಂ, ಇಲ್ಲಿ ಮಾಲು ಸರಿ ಕುಂತಿಲ್ಲ ನೋಡ್ರಿ. ತೂತು ಬಿದ್ದಾವ. ಯಾರು ತುಂಬ್ಯಾರ ಇದನ್ನ?"

ಮಾಮಾ ಎಲೆ ಅಡಿಕೆಗೆ ಸುಣ್ಣ ಹಚ್ಚುತ್ತಾ, ಕೇಳಿಸಲೇ ಇಲ್ಲ ಅನ್ನುವ ಹಾಗೆ ಕೂತಿದ್ದರು.