ಹರಿವು ನಿಧಾನವಾದರೆ ಶಾಖ ಹೆಚ್ಚುವುದಿಲ್ಲ

ಮಾನ್ಯ ಸಂಪಾದಕರೇ,

ಹೀಟ್ ಎಕ್ಸ್‌ಚೇಂಜರ್ (ಗೋಡೆಯ ಮೂಲಕ ಶಾಖವನ್ನು ದಾಟಿಸುವ ಉಪಕರಣ) ಕುರಿತು ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನದಲ್ಲಿ, ನೀರನ್ನು ನಿಧಾನವಾಗಿ ಹರಿಸಿದರೆ ಬಿಸಿ ಕೊಳವೆಯಿಂದ ಶಾಖ ಹೀರಲು ಅದಕ್ಕೆ ಹೆಚ್ಚು ಸಮಯ ಸಿಗುತ್ತದೆ, ಆದ್ದರಿಂದ ವಾಲ್ವ್ ಅರ್ಧ ಮುಚ್ಚಿಡಿ ಎಂಬ ಸಲಹೆ ಇದೆ. ಕೇಳಲು ಸರಿಯೆನಿಸಿದರೂ ಇದು ತಪ್ಪು. ನಂಬಿ ನಡೆದವರ ಉಪಕರಣವೇ ಕೆಟ್ಟೀತು.

ಒಳವ್ಯಾಸ 20 ಮಿ.ಮೀ., ಉದ್ದ 3 ಮೀಟರ್ ಇರುವ ಕೊಳವೆಯನ್ನು ತೆಗೆದುಕೊಳ್ಳಿ. ಹೊರಗಿನಿಂದ ಕಾಯಿಸಿ ಅದರ ಗೋಡೆಯನ್ನು 70 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಟ್ಟಿದೆ ಎನ್ನಿ. 30 ಡಿಗ್ರಿಯ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿದರೆ ಸುಮಾರು 51 ಡಿಗ್ರಿಯಾಗಿ ಹೊರಬರುತ್ತದೆ. ಹೊತ್ತೊಯ್ಯುವ ಶಾಖ 27 ಕಿಲೋವಾಟ್. ವೇಗವನ್ನು 2 ಮೀಟರಿಗೆ ಏರಿಸಿ. ಈಗ ಹೊರಬರುವ ನೀರು 49 ಡಿಗ್ರಿ, ಶಾಖವೂ 49 ಕಿಲೋವಾಟ್! ನೀರು ಕೊಳವೆಯಲ್ಲಿ ಕಳೆಯುವ ಸಮಯ ಅರ್ಧವಾದರೂ ತಾಪ ಇಳಿದದ್ದು ಎರಡೇ ಡಿಗ್ರಿ.

ಇದಕ್ಕೆ ಕಾರಣ ಗೋಡೆಗೆ ಅಂಟಿಕೊಂಡ ನೀರಿನ ತೆಳು ಪದರ. ಗೋಡೆಯನ್ನು ಮುಟ್ಟಿದ ನೀರು ಅಲುಗುವುದೇ ಇಲ್ಲ. ಅದನ್ನು ಶಾಖ ವಹನದಿಂದಲೇ ದಾಟಬೇಕು; ನೀರೋ ಒಳ್ಳೆಯ ಉಷ್ಣವಾಹಕವಲ್ಲ. ಹರಿವು ಜೋರಾದಷ್ಟೂ ಸುಳಿಗಳು ಗೋಡೆಯ ಹತ್ತಿರಕ್ಕೆ ನುಗ್ಗಿ ಈ ಪದರವನ್ನು ಇನ್ನಷ್ಟು ತೆಳುವಾಗಿಸುತ್ತವೆ. 1930ರ ಡಿಟಸ್–ಬೋಲ್ಟರ್ ಸೂತ್ರದ ಪ್ರಕಾರ ಉಷ್ಣ ವರ್ಗಾವಣೆ ಗುಣಾಂಕವು (ಗೋಡೆಗೂ ನೀರಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರಿನಲ್ಲಿ ದಾಟುವ ಶಾಖ) ವೇಗದ 0.8ನೇ ಘಾತದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಗುಣಾಂಕ 1.74 ಪಟ್ಟು. ಮೇಲಿನ ಕೊಳವೆಯಲ್ಲಿ ಅದು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 5,000 ವಾಟ್‌ನಿಂದ 8,700ಕ್ಕೆ ಏರಿತು. ರೆನಾಲ್ಡ್ಸ್ ಸಂಖ್ಯೆ (ಹರಿವಿನಲ್ಲಿ ಸುಳಿಗಳು ಏಳುತ್ತವೆಯೇ ಎಂದು ಸೂಚಿಸುವ ಅಳತೆ) 10,000 ದಾಟಿದ ಹರಿವಿಗೆ ಮಾತ್ರ ಈ ಸೂತ್ರ ಅನ್ವಯ ಎಂಬುದನ್ನು ಮರೆಯಬಾರದು.

ವೇಗವನ್ನು ಸೆಕೆಂಡಿಗೆ 5 ಸೆಂ.ಮೀ.ಗೆ ಇಳಿಸಿದರೆ ರೆನಾಲ್ಡ್ಸ್ ಸಂಖ್ಯೆ 1,500ರ ಆಸುಪಾಸಿಗೆ, ಅಂದರೆ ಸುಳಿಗಳು ಏಳತೊಡಗುವ 2,300ರ ಗಡಿಗಿಂತ ಬಹಳ ಕೆಳಗೆ ಬರುತ್ತದೆ. ಸುಳಿಗಳು ಅಡಗಿ, ನೀರು ಪದರ ಪದರವಾಗಿ ಸರಿಯತೊಡಗುತ್ತದೆ. ಹರಿವು ನೆಲೆಗೊಂಡ ಮೇಲೆ ನಸೆಲ್ಟ್ ಸಂಖ್ಯೆ (ಬರೀ ವಹನಕ್ಕೆ ಹೋಲಿಸಿದರೆ ಹರಿವು ಎಷ್ಟು ಪಟ್ಟು ಶಾಖ ದಾಟಿಸುತ್ತದೆ ಎಂಬ ಅಳತೆ) 3.66ರಲ್ಲಿ ನಿಂತುಬಿಡುತ್ತದೆ, ಗುಣಾಂಕ ಬರೀ 115. ಕೊಳವೆಯ ಬಾಯಿಯ ಕಡೆ ಇದಕ್ಕಿಂತ ಹೆಚ್ಚಿರುತ್ತದೆ, ಆದರೆ 5,000ದ ಸನಿಹಕ್ಕೂ ಬಾರದು.

ವಿದ್ಯುತ್ತಿನಿಂದ ಕಾಯಿಸುವ ಕೊಳವೆಯಲ್ಲಿ ಅಪಾಯ ಹೆಚ್ಚು. ಅಲ್ಲಿ ಸ್ಥಿರವಾಗಿರುವುದು ಗೋಡೆಯ ತಾಪವಲ್ಲ, ಹೀಟರ್ ಕೊಡುವ ಶಾಖ. ಚದರ ಮೀಟರಿಗೆ 50 ಕಿಲೋವಾಟ್ ಕೊಡುತ್ತಿದ್ದರೆ, 1 ಮೀಟರ್ ವೇಗದಲ್ಲಿ ಗೋಡೆ ನೀರಿಗಿಂತ 10 ಡಿಗ್ರಿ ಬಿಸಿ, ಅರ್ಧ ಮೀಟರಿನಲ್ಲಿ 17 ಡಿಗ್ರಿ. ವಾಲ್ವನ್ನು ಇನ್ನೂ ಮುಚ್ಚುತ್ತ ಹೋದರೆ ಗೋಡೆಯ ಬಳಿಯೇ ನೀರು ಕುದಿದು, ಹಬೆ ಕಟ್ಟಿಕೊಂಡ ಜಾಗ ಒಣಗಿ, ಹೀಟರ್ ಸುಟ್ಟುಹೋಗುತ್ತದೆ. ಗಡಸು ನೀರಾದರೆ ಸುಣ್ಣವೂ ಬೇಗ ಕಟ್ಟುತ್ತದೆ, ಏಕೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿ ನೀರಿನಲ್ಲಿ ಕಡಿಮೆ ಕರಗುತ್ತದೆ.

ಹಾಗೆಂದು ವೇಗವನ್ನು ಮನಬಂದಂತೆ ಏರಿಸಲಾಗದು. ವೇಗ ಎರಡು ಪಟ್ಟಾದರೆ ಪಂಪಿಗೆ ಬೇಕಾದ ಶಕ್ತಿ ಆರೂವರೆ ಪಟ್ಟಿಗೂ ಹೆಚ್ಚು. ತಾಮ್ರದ ಕೊಳವೆ ಬಾಗುಗಳಲ್ಲಿ ಸವೆಯುತ್ತದೆ. ಇನ್ನು ಒಳಗೆ 1 ಮಿ.ಮೀ. ಸುಣ್ಣ ಕೂತಿದ್ದರೆ ದೊಡ್ಡ ಪಂಪ್ ಹಾಕಿದರೂ ಅಷ್ಟಕ್ಕಷ್ಟೇ: ಒಟ್ಟು ಗುಣಾಂಕ 5,000ದಿಂದ ಸುಮಾರು 1,400ಕ್ಕೆ ಕುಸಿದಿರುತ್ತದೆ, ವೇಗ ಇಮ್ಮಡಿಸಿದರೂ 1,600 ದಾಟುವುದು ಕಷ್ಟ. ಅಲ್ಲಿ ಮೊದಲು ಆಗಬೇಕಾದ್ದು ಸುಣ್ಣ ತೆಗೆಯುವ ಕೆಲಸ.

ಹೊರಬರುವ ನೀರು ಹೆಚ್ಚು ಬಿಸಿಯಾಗಿರಲೇಬೇಕು, ಒಟ್ಟು ಶಾಖ ಕಡಿಮೆಯಾದರೂ ಅಡ್ಡಿಯಿಲ್ಲ ಎನ್ನುವವರು ಗೋಡೆಯ ತಾಪದ ಮೇಲೆ ಕಣ್ಣಿಟ್ಟು ಹರಿವನ್ನು ತಗ್ಗಿಸಬಹುದು. ಆದರೆ ವಿದ್ಯುತ್ ಹೀಟರ್ ಬಳಸುವವರೂ ಆ ಲೇಖನ ಓದಿರುತ್ತಾರೆ. ವಾಲ್ವ್ ಅರ್ಧ ಮುಚ್ಚುವ ಸಲಹೆಯನ್ನು ಹಿಂಪಡೆದು ದಯವಿಟ್ಟು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ಉಷ್ಣ ಎಂಜಿನಿಯರಿಂಗ್ ಬೋಧಕರೊಬ್ಬರು